ಕಾಜಾಣ ಕೊಟ್ಟ ಭಾಷೆ

ಕೇಳು ಕಂದ, ಬೆಟ್ಟಗಳಿಗೆ ಇನ್ನೂ ಹೆಸರಿಟ್ಟಿರಲಿಲ್ಲ, ಹೊಳೆಗಳಿಗೆ ತಮ್ಮ ದಾರಿಯೇ ಸರಿಯಾಗಿ ಗೊತ್ತಿರಲಿಲ್ಲ. ಲೋಕ ಅಷ್ಟು ಹೊಸದು. ಆಗ ಹಕ್ಕಿಗಳಿಗೆಲ್ಲ ಹದ್ದಪ್ಪನೇ ದೊರೆ. ಯಾರೂ ಪಟ್ಟ ಕಟ್ಟಿರಲಿಲ್ಲ. ತಾನೇ ಎತ್ತರದ ಕೊಂಬೆ ನೋಡಿ ಕೂತಿದ್ದ, ಅಷ್ಟೆ.

ಬೆಳವಕ್ಕ ಎಂಬ ಪಾರಿವಾಳದ ಜಾತಿಯ ಹಕ್ಕಿ ಬಲು ಸಾಧು. ಗೂಡು ಕಟ್ಟುವುದರಲ್ಲಿ ಮಾತ್ರ ಸೋಮಾರಿ. ನಾಲ್ಕು ಕಡ್ಡಿ ಅಡ್ಡಡ್ಡ ಇಟ್ಟರೆ ಅವಳಿಗೆ ಅದೇ ಅರಮನೆ! ಮೊಟ್ಟೆ ಇಡುವ ಕಾಲ ಬಂದಾಗ ಕಾಗೆಗೆ ಹೆದರಿ ಹದ್ದಪ್ಪನ ಬಳಿ ಹೋದಳು.

"ದೊರೆ, ನೀವೇ ಕಾಪಾಡಬೇಕು."

"ನನ್ನ ಮರದಲ್ಲೇ ಗೂಡು ಕಟ್ಕೋ. ಕಾಪಾಡ್ತೀನಿ, ಭಾಷೆ ಕೊಟ್ಟೆ. ದಿನಾ ಬೆಳಿಗ್ಗೆ ಕಾಡೆಲ್ಲ ಸುತ್ತಿ ನನ್ನನ್ನ ಹೊಗಳಿ ಬಾ, ಸಾಕು."

ಬೆಳವಕ್ಕ ಎರಡು ಮೊಟ್ಟೆ ಇಟ್ಟಳು. ದಿನಾ ಹೋಗಿ ಹೊಗಳಿದಳು. ಒಂದು ದಿನ ಹಿಂತಿರುಗಿದರೆ ಗೂಡಿನಲ್ಲಿ ಒಂದೇ ಮೊಟ್ಟೆ!

ಗಾಳಿ ಕಿವಿಯಲ್ಲಿ ಹೇಳಿತು, "ಹದ್ದಪ್ಪನ ಕೊಕ್ಕಿಗೆ ಹಳದಿ ಅಂಟಿದೆ ನೋಡು."

"ಇದಾ? ಬೆಳಗಿನ ಬಿಸಿಲು!" ಎಂದ ಹದ್ದಪ್ಪ, ಕೊಕ್ಕು ಒರೆಸಿಕೊಳ್ಳುತ್ತಾ.

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ಗಾಳಿಗೇ ಮರುಕ ಹುಟ್ಟಿತು. ಹದ್ದಪ್ಪ ತೂಕಡಿಸುವಾಗ ಮೊಟ್ಟೆಯ ಸಮೇತ ಗೂಡನ್ನು ಮೆಲ್ಲಗೆ ಎತ್ತಿ ದೂರದ ಬೇವಿನ ಮರದಲ್ಲಿ ಇಟ್ಟಿತು. ಬೆಳವಕ್ಕ ಹಿಂದೆಯೇ ಹಾರಿಬಂದಳು.

ಅಲ್ಲಿದ್ದವನು ಕಾಜಾಣ. ಮೈ ಕಾಡಿಗೆಯಷ್ಟು ಕಪ್ಪು, ಮೂಗಿನ ತುದಿಯಲ್ಲೇ ಕೋಪ, ಮನಸ್ಸು ಮಾತ್ರ ಮಗುವಿನದು.

"ತಮ್ಮಾ, ಇಲ್ಲಿರೋಕೆ ಬಿಡು. ಕೈಬಿಡಲ್ಲ ಅಂತ ಒಂದು ಭಾಷೆ ಕೊಡು," ಎಂದಳು ಬೆಳವಕ್ಕ.

ಪಾಪ, ಕಾಜಾಣನಿಗೆ ಭಾಷೆ ಅಂದರೆ ಮಾತಾಡುವ ಭಾಷೆಯಷ್ಟೇ ಗೊತ್ತು. ಆಣೆ, ವಚನ ಅವನು ಕೇಳಿಯೇ ಇರಲಿಲ್ಲ.

"ಅಷ್ಟೇನಾ ಅಕ್ಕಾ? ತಗೋ, ನನ್ನ ಭಾಷೆ ಕೊಟ್ಟೆ. ಚೀಂಯ್ ಚಿರ್ರ್! ಹೇಳು!"

"ಗುಗ್ಗೂ..." ಅವಳ ಬಾಯಲ್ಲಿ ಬಂದದ್ದು ಅಷ್ಟೇ.

"ಚೀಂಯ್ ಚಿರ್ರ್!"

"ಗುಗ್ಗೂ..."

"ನಿಂಗೆ ನನ್ನದು ಬರಲ್ಲ. ನಾನೇ ನಿನ್ನದು ಕಲೀತೀನಿ ಬಿಡು," ಎಂದ ಕಾಜಾಣ. ಸಂಜೆಯವರೆಗೂ ಗುಗ್ಗೂ, ಗುಗ್ಗೂ ಎಂದು ಪಾಠ ಒಪ್ಪಿಸಿದ. ಬೆಳವಕ್ಕನಿಗೆ ನಗುವೂ ಬಂತು, ಅಳುವೂ ಬಂತು. ಹದ್ದಪ್ಪನಾದರೂ ಬಾಯ್ತುಂಬ ಭಾಷೆ ಕೊಟ್ಟಿದ್ದ, ಈ ಹುಡುಗನಿಗೆ ಅದೂ ತಿಳಿಯದಲ್ಲ ಎಂದುಕೊಂಡು ಮೊಟ್ಟೆಯನ್ನು ಅವುಚಿ ಕೂತಳು.

ಬೆಳಗಾಗುತ್ತಲೇ ಹದ್ದಪ್ಪ ಹುಡುಕಿಕೊಂಡು ಬಂದ.

"ಹೊಗಳೋದು ಬಿಟ್ಟು ಓಡಿಬಂದ್ಯಾ? ಆ ಮೊಟ್ಟೆ ಈ ಕಡೆ ತಾ!"

ಬೆಳವಕ್ಕ ರೆಕ್ಕೆ ಹರಡಿ ಮೊಟ್ಟೆಯನ್ನು ಮುಚ್ಚಿಕೊಂಡಳು. ಕೂಗಲು ಹೋದರೆ ದನಿಯೇ ಇಲ್ಲ. ಆಗ ಮೇಲಿನ ಕೊಂಬೆಯಿಂದ ಅವಳದೇ ದನಿ ಕೇಳಿತು.

"ಗುಗ್ಗೂ! ಗುಗ್ಗುಗ್ಗೂ!"

ಇಲ್ಲೊಂದು ಬೆಳವ, ಅಲ್ಲೂ ಒಂದು ಬೆಳವಾನಾ ಎಂದು ಹದ್ದಪ್ಪ ಕತ್ತೆತ್ತಿದ. ಅಷ್ಟರಲ್ಲಿ ಕಾಜಾಣ ಅವನ ಕುತ್ತಿಗೆಯ ಮೇಲೆ ಕೂತು ಕುಕ್ಕತೊಡಗಿದ. ಹದ್ದಪ್ಪ ಹೊರಳಿ ಅವನ ಬಾಲಕ್ಕೆ ಉಗುರು ಹಾಕಿದ. ನಡುವಿನ ಗರಿಗಳು ಕಿತ್ತುಹೋದವು. ಆದರೂ ಕಾಜಾಣ ಬಿಡಲಿಲ್ಲ, ಹೊಳೆ ದಾಟುವವರೆಗೂ ಆ ದೊರೆಯನ್ನು ಕುಕ್ಕುತ್ತಲೇ ಅಟ್ಟಿದ. ಆ ಪುಟ್ಟ ಜೀವದ ಮೇಲೆ ನನಗೆ ಎಲ್ಲಿಲ್ಲದ ಪ್ರೀತಿ, ಕಂದ.

"ತಮ್ಮಾ, ನಿನ್ನ ಬಾಲ!" ಎಂದು ಅತ್ತಳು ಬೆಳವಕ್ಕ. "ಇದಕ್ಕೆ ನಾನೇನು ಮಾಡಲಿ? ನಾಳೆಯಿಂದ ಕಾಡೆಲ್ಲ ನಿನ್ನನ್ನೇ ಹೊಗಳಲಾ?"

"ಹೊಗಳೋದು ಯಾಕಕ್ಕಾ? ಮೊಟ್ಟೆ ತಣ್ಣಗಾಗುತ್ತೆ, ಹೋಗಿ ಕೂತ್ಕೋ."

ಅದಕ್ಕೇ ಇವತ್ತಿಗೂ ಕಾಜಾಣದ ಬಾಲ ನಡುವೆ ಸೀಳಿದೆ, ಹತ್ತಾರು ಹಕ್ಕಿಗಳ ಭಾಷೆ ಅದರ ಬಾಯಲ್ಲಿದೆ. ನಾಳೆ ನಮ್ಮ ಬೇವಿನ ಮರದಲ್ಲಿ ಕಾಜಾಣದ ಗೂಡು ಕಂಡರೆ ಅದರ ಕೆಳಗಿನ ಕೊಂಬೆಯನ್ನೂ ನೋಡು, ತಲೆಯ ಮೇಲೆ ಹದ್ದು ಸುತ್ತುತ್ತಿದ್ದರೂ ಅಲ್ಲೊಂದು ಬೆಳವ ಕಣ್ಣು ಮುಚ್ಚಿ ನಿಶ್ಚಿಂತೆಯಾಗಿ ಕಾವು ಕೂತಿರುತ್ತದೆ.