ಗಂಜಿಗೆ ಬಿದ್ದ ಬಿಸ್ಕತ್ತು

ಹೊಳೆದಂಡೆಯ ಒಂದು ಆಶ್ರಮದಲ್ಲಿ ಚಿದಂಬರ ಎಂಬ ಶಿಷ್ಯನಿದ್ದ. ರುಚಿಯನ್ನು ಗೆಲ್ಲುತ್ತೇನೆಂದು ವ್ರತ ಹಿಡಿದಿದ್ದ.

ಅನ್ನ, ಸಾರು, ಪಲ್ಯ, ಹಬ್ಬದ ಪಾಯಸ, ಬಡಿಸಿದ್ದೇನೇ ಇರಲಿ, ಎಲ್ಲವನ್ನೂ ಒಂದೇ ಬಟ್ಟಲಿಗೆ ಹಾಕಿ ಕಲಸುತ್ತಿದ್ದ. ಮೇಲೆ ಒಂದು ಚೊಂಬು ನೀರು ಸುರಿದು, ಅಗಿಯದೆ ನುಂಗುತ್ತಿದ್ದ.

ನುಂಗಿ ಸುಮ್ಮನಿರುತ್ತಿದ್ದನೇ? ಇಲ್ಲ. ಪಂಕ್ತಿಯಲ್ಲಿ ಕೂತವರ ಮುಖ ನೋಡುತ್ತಿದ್ದ. ಯಾರಾದರೂ ಬೆರಳು ನೆಕ್ಕಿದರೆ ಇವನ ಹುಬ್ಬು ಗಂಟಾಗುತ್ತಿತ್ತು.

ತಾನು ಉಣ್ಣದಿದ್ದರೆ ಹೋಗಲಿ, ಉಣ್ಣುವವರ ಬಾಯಿಗೂ ಮಣ್ಣು ಹಾಕುವ ಜನ ಇರುತ್ತಾರಲ್ಲ, ಅಂಥವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆದರೂ ಒಂದು ಮಾತು ಹೇಳಲೇಬೇಕು: ಚಿದಂಬರನ ಶ್ರದ್ಧೆ ಸುಳ್ಳಲ್ಲ.

ಅವನ ದೀಕ್ಷೆಯ ದಿನ ಬಂತು.

ಆ ಆಶ್ರಮದಲ್ಲಿ ಒಂದು ಪದ್ಧತಿ. ದೀಕ್ಷೆಯ ದಿನ ಶಿಷ್ಯ ಬಾಗಿಲಲ್ಲಿ ನಿಂತು ಭಿಕ್ಷೆ ಬೇಡಬೇಕು. ಮೊದಲು ಬಂದ ಭಿಕ್ಷೆಯನ್ನು ಎಲ್ಲರೂ ಪಂಕ್ತಿಯಲ್ಲಿ ಹಂಚಿಕೊಂಡು ತಿನ್ನಬೇಕು. ಕೊನೆಯಲ್ಲಿ, ಆ ಭಿಕ್ಷೆ ಕೊಟ್ಟವರು "ತೃಪ್ತಿಯಾಯಿತು" ಎನ್ನಬೇಕು. ಅವರು ಅನ್ನದಿದ್ದರೆ ದೀಕ್ಷೆ ಇಲ್ಲ, ಇನ್ನೊಂದು ವರ್ಷ ಕಾಯಬೇಕು.

ಹಾಗೆ ಅನ್ನದೆ ಹೋದವರನ್ನು ಅಲ್ಲಿ ಯಾರೂ ಕಂಡಿರಲಿಲ್ಲ.

ಮೊದಲು ಬಂದವರು ಪೇಟೆಯ ಬೇಕರಿಯ ರಂಗನಾಯಕಮ್ಮ. ಕೈಯಲ್ಲಿ ದೊಡ್ಡ ಡಬ್ಬಿ. ಮುಖವೆಲ್ಲ ನಗು.

"ತಗೊಳ್ಳಿ ಸ್ವಾಮಿ, ಪೆಕಾನ್ ಬಿಸ್ಕತ್ತು."

"ಹಾಗೆಂದರೆ?"

"ಅಕ್ರೋಟು ಗೊತ್ತಲ್ಲ, ಅದರ ದಾಯಾದಿ. ಅದಕ್ಕಿಂತ ಮೆತ್ತಗೆ, ಅಷ್ಟು ಒಗರಿಲ್ಲ. ಒಣಹಣ್ಣಿನ ಅಂಗಡಿಯವರಿಗೆ ಹೇಳಿ ತರಿಸಿದ್ದು. ಮೊಟ್ಟೆ ಹಾಕಿಲ್ಲ, ಬರೀ ಬೆಣ್ಣೆ."

ಚಿದಂಬರ ಡಬ್ಬಿ ತೆಗೆದುಕೊಂಡ. ಆಕೆ ನಿಲ್ಲಿಸಲಿಲ್ಲ.

"ಹೋದ ವರ್ಷ ಜ್ವರ ಬಂದು ನನ್ನ ನಾಲಿಗೇನೇ ಸತ್ತುಹೋಗಿತ್ತು ಸ್ವಾಮಿ. ಉಪ್ಪೂ ಒಂದೇ, ಸಕ್ಕರೆನೂ ಒಂದೇ. ಬೇಕರಿಯವಳಿಗೆ ರುಚಿ ಗೊತ್ತಾಗದೇ ಇದ್ರೆ ಇನ್ನೇನಿದೆ ಹೇಳಿ? ಒಲೆ ಮುಂದೆ ಕೂತು ಅತ್ತಿದ್ದೀನಿ. ಮೊನ್ನೆ ಬೆಳಗ್ಗೆ ಇದ್ದಕ್ಕಿದ್ದ ಹಾಗೆ ಕಾಫಿ ಕಹಿ ಅಂತ ಗೊತ್ತಾಯ್ತು! ಕುಣಿದುಬಿಟ್ಟೆ. ಮತ್ತೆ ಬಿಸ್ಕತ್ತು ಮಾಡಿದ್ರೆ ಮೊದಲು ಆಶ್ರಮದಲ್ಲೇ ಎಲ್ಲರ ಜೊತೆ ಕೂತು ತಿನ್ನೋದು ಅಂದ್ಕೊಂಡೆ. ನನಗಿವತ್ತು ಹಬ್ಬ."

ಹೀಗೆಂದು ಕೈಕಾಲು ತೊಳೆಯಲು ಹೊಳೆಗೆ ಇಳಿದರು.

ಚಿದಂಬರ ಅಡುಗೆಮನೆಗೆ ಹೋಗಿ ಡಬ್ಬಿಯ ಮುಚ್ಚಳ ತೆಗೆದ. ಬೆಣ್ಣೆಯ ಘಮ ಮೂಗಿಗೆ ಬಡಿಯಿತು. ಬಾಯಲ್ಲಿ ನೀರೂರಿತು.

ಅವನಿಗೆ ಸಿಟ್ಟು ಬಂತು. ಬಂದದ್ದು ತನ್ನ ನಾಲಿಗೆಯ ಮೇಲೆ, ತೀರಿಸಿಕೊಂಡದ್ದು ಡಬ್ಬಿಯ ಮೇಲೆ. ಒಲೆಯ ಮೇಲೆ ಗಂಜಿ ಕುದಿಯುತ್ತಿತ್ತು. ಅಷ್ಟೂ ಬಿಸ್ಕತ್ತನ್ನು ಅದಕ್ಕೆ ಸುರಿದು, ಸೌಟು ಹಾಕಿ ತಿರುವಿಬಿಟ್ಟ.

ಪಂಕ್ತಿ ಕೂತಿತು. ಗುರುಗಳೂ ಬಂದು ಕೂತರು. ಬಟ್ಟಲುಗಳಿಗೆ ಕಂದು ಬಣ್ಣದ ಗಂಜಿ ಬಿತ್ತು.

ರಂಗನಾಯಕಮ್ಮ ಅತ್ತಿತ್ತ ನೋಡಿದರು.

"ಬಿಸ್ಕತ್ತು ಬಡಿಸ್ಲಿಲ್ವಾ ಸ್ವಾಮಿ?"

"ಬಡಿಸಿದ್ದೇನಲ್ಲ ತಾಯಿ. ಗಂಜಿಯಲ್ಲಿದೆ."

"ಗಂಜಿಯಲ್ಲಾ?"

"ಇಲ್ಲಿ ನಾಲಿಗೆಗೆ ಉಣಬಡಿಸುವುದಿಲ್ಲ. ಹೊಟ್ಟೆಗೆ ಮಾತ್ರ."

ಆಕೆಯ ಮುಖ ಕೆಂಪಾಯಿತು. "ಬೆಳಗಿನ ಜಾವ ಎದ್ದು ಒಂದೊಂದನ್ನೂ ಕೈಯಲ್ಲಿ ತಟ್ಟಿ ಬೇಯಿಸಿದ್ದು ಸ್ವಾಮಿ! ನಿಮಗೆ ಬೇಡದಿದ್ರೆ ಬೇಡ ಅನ್ನಬಹುದಿತ್ತು. ಹೊಳೆ ಮೀನಿಗಾದ್ರೂ ಹಾಕಬಹುದಿತ್ತು, ಅವಾದ್ರೂ ಖುಷಿಯಾಗಿ ತಿಂತಿದ್ವು. ಹೀಗೆ ಕೊಲ್ಲೋದಾ?"

ಗುರುಗಳು ಒಂದು ಗುಟುಕು ಕುಡಿದು ಬಟ್ಟಲು ಕೆಳಗಿಟ್ಟರು.

"ಕೆಟ್ಟದಾಗಿದೆ," ಎಂದರು.

ಬಳಿಕ ಪದ್ಧತಿಯಂತೆ ಆಕೆಯನ್ನು ಕೇಳಿದರು. "ತೃಪ್ತಿಯಾಯಿತೇ ತಾಯಿ?"

"ಇಲ್ಲ ಗುರುಗಳೇ. ಆಶ್ರಮದಲ್ಲಿ ಕೂತು ಸುಳ್ಳು ಹೇಳ್ಲಾ?"

ಚಿದಂಬರ ಎದ್ದು ನಿಂತ.

"ಇದು ಅನ್ಯಾಯ ಗುರುಗಳೇ! ಬಾಯಿ ಚಪ್ಪರಿಸಿದವರಿಗೆಲ್ಲ ದೀಕ್ಷೆ ಸಿಕ್ಕಿದೆ. ಉಪ್ಪಿನಕಾಯಿ ಇಲ್ಲವೆಂದು ಮುಖ ಊದಿಸಿಕೊಂಡವರಿಗೂ ಸಿಕ್ಕಿದೆ. ಮೂರು ವರ್ಷ ಒಂದು ತುತ್ತನ್ನೂ ರುಚಿ ನೋಡದ ನನಗೆ ಬಿಸ್ಕತ್ತಿನ ದೆಸೆಯಿಂದ ದೀಕ್ಷೆ ತಪ್ಪಬೇಕೇ?"

"ನೀನು ಬೇಡಿದ್ದು ಏನು?" ಗುರುಗಳು ಕೇಳಿದರು.

"ಭಿಕ್ಷೆ."

"ಆಕೆ ಕೊಟ್ಟದ್ದು ಏನು?"

"ಬಿಸ್ಕತ್ತು."

"ಅಷ್ಟೇ ಕಂಡಿತೇ?"

ಚಿದಂಬರ ಬಟ್ಟಲಿನ ಗಂಜಿಯನ್ನು ನೋಡಿದ. ಗುರುಗಳು ರಂಗನಾಯಕಮ್ಮನ ಕಡೆ ತಿರುಗಿದರು.

"ಒಂದಾದರೂ ಉಳಿದಿದೆಯೇ ತಾಯಿ?"

"ಮುರಿದಿದ್ದೊಂದು ಸೆರಗಲ್ಲಿ ಕಟ್ಕೊಂಡಿದ್ದೆ. ನಿಮ್ಮೆಲ್ಲರ ಜೊತೆ ನಾನು ತಿನ್ನೋಕೆ ಅಂತ."

ಆಕೆ ಗಂಟು ಬಿಚ್ಚಿದರು. ಗುರುಗಳಿಗೆ ಕೊಡಲು ಹೋದವರು ಚಿದಂಬರನ ಮುಖ ನೋಡಿ ನಿಂತರು. ಅವನ ಕಣ್ಣು ತುಂಬಿತ್ತು. ಆಕೆ ಅದನ್ನು ಅವನ ಅಂಗೈಗೆ ಹಾಕಿದರು.

"ಸಿಟ್ಟೇನೂ ಇಳಿದಿಲ್ಲ ನನಗೆ. ಆದ್ರೂ ತಿನ್ನಿ."

ಭಿಕ್ಷೆ ಒಲ್ಲೆ ಎನ್ನುವಂತಿಲ್ಲ. ಚಿದಂಬರ ಅದನ್ನು ಬಾಯಿಗೆ ಹಾಕಿಕೊಂಡು ಚೊಂಬಿಗೆ ಕೈ ಚಾಚಿದ. ಗುರುಗಳು ಚೊಂಬನ್ನು ಎತ್ತಿ ನೀರನ್ನು ಅಂಗಳಕ್ಕೆ ಚೆಲ್ಲಿದರು.

"ಅಗಿ."

ಅಗಿದ. ಬಿಸ್ಕತ್ತು ಕರುಂ ಎಂದು ಮುರಿದು ಪುಡಿಪುಡಿಯಾಯಿತು. ಬೆಣ್ಣೆ ಕರಗಿತು. ಬೆಲ್ಲ ಬೆರೆತ ಸಿಹಿ. ಹುರಿದ ಬೀಜ ಹಲ್ಲಿಗೆ ಸಿಕ್ಕು ನಿಧಾನವಾಗಿ ಬಿಟ್ಟುಕೊಟ್ಟಿತು. ಅವನು ತಡೆದಷ್ಟೂ ನಾಲಿಗೆ ಅದನ್ನು ಹುಡುಕಿಕೊಂಡು ಹೋಯಿತು.

"ಹೇಗಿದೆ?" ರಂಗನಾಯಕಮ್ಮ ಕೇಳಿದರು.

ಗೊತ್ತಿಲ್ಲ ಎನ್ನಬೇಕೆಂದಿದ್ದ. ಆಗಲಿಲ್ಲ.

"ಚೆನ್ನಾಗಿದೆ." ಇನ್ನೊಂದು ಸಲ ಅಗಿದ. "ತುಂಬಾ ಚೆನ್ನಾಗಿದೆ ತಾಯಿ. ಉಪ್ಪು ಮಾತ್ರ ಒಂದು ಚಿಟಿಕೆ ಜಾಸ್ತಿ."

ಪಂಕ್ತಿಯವರು ತಲೆತಲೆ ಚಚ್ಚಿಕೊಂಡರು. ಉರಿಯುವ ಬೆಂಕಿಗೆ ತುಪ್ಪ ಸುರಿದನಲ್ಲ ಎಂದು.

ರಂಗನಾಯಕಮ್ಮ ಅವನನ್ನೇ ದಿಟ್ಟಿಸಿದರು. ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

"ಹೌದಾ ಸ್ವಾಮಿ? ಉಪ್ಪು ನನಗಿನ್ನೂ ಸರಿಯಾಗಿ ಹತ್ತಲ್ಲ! ಈ ವರ್ಷವೆಲ್ಲ ಏನು ಮಾಡಿಕೊಟ್ರೂ ಮನೆಯವರೆಲ್ಲ ಪಾಪ ಅಂದ್ಕೊಂಡು ಚೆನ್ನಾಗಿದೆ, ಚೆನ್ನಾಗಿದೆ ಅಂದ್ರು. ಒಬ್ಬರಾದ್ರೂ ನಿಜ ಹೇಳಿದ್ರಾ? ತಿಂದು, ಇದು ಹೀಗಿದೆ ಅಂತ ಹೇಳಿದವರು ನೀವೊಬ್ಬರೇ." ಗುರುಗಳಿಗೆ ಕೈಮುಗಿದರು. "ತೃಪ್ತಿಯಾಯಿತು ಗುರುಗಳೇ."

ಗುರುಗಳು ತಲೆಯಾಡಿಸಿದರು.

ಎಲ್ಲರ ಮುಖವೂ ಅರಳಿತು, ಚಿದಂಬರನದೊಂದು ಬಿಟ್ಟು. ಅವನ ಕೋಪ ಈಗ ಎಲ್ಲಿಗೂ ಹೋಗಲಾರದೆ ಅವನ ಮೇಲೇ ಬಿದ್ದಿತ್ತು.

"ಯಾವ ತೃಪ್ತಿ ಗುರುಗಳೇ! ನನ್ನ ವ್ರತ ಮುರಿಯಿತು. ನಾನು ರುಚಿ ನೋಡಿದೆ. ಇನ್ನೊಂದಿದ್ದರೆ ಅದನ್ನೂ ತಿನ್ನುತ್ತಿದ್ದೆ! ಇಷ್ಟು ವರ್ಷ ಕೂಡಿಟ್ಟದ್ದೆಲ್ಲ ಒಂದು ತುತ್ತಿಗೆ ಹೋಯಿತು. ಇನ್ನು ನನ್ನ ಹತ್ತಿರ ಏನು ಉಳಿದಿದೆ?"

ಗುರುಗಳು ಎದ್ದು ಅವನ ಕೈ ಹಿಡಿದರು.

"ಏನೂ ಉಳಿದಿಲ್ಲ ತಾನೇ? ಬಾ, ದೀಕ್ಷೆ ಕೊಡುತ್ತೇನೆ."