ಗೌಡರ ಶಲ್ಯ ಹೊದ್ದ ಕುರಿ

ಕುರಿ ವಿಷಯದಲ್ಲಿ ನಮ್ಮೂರ ಮಾಳಿಂಗನನ್ನು ಮೀರಿಸುವ ಗಂಡಸು ಇನ್ನೂ ಹುಟ್ಟಿಲ್ಲ. ತಮ್ಮ ಹಿಂಡು ಕಾಯುವ ಅಂಥವನಿಗೇ ಗುರುಬಸಪ್ಪಗೌಡರು ಮೀಸೆ ತಿರುವಿ ಹೇಳಿದರು: "ನನ್ನ ಟಗರು ಒಂದು ಕುರೀನೂ ಮೂಸವಲ್ದು. ನಾಳೆ ಸಂಜೀ ಒಳಗ ಹಿಂಡಿಗೆ ಹೊಂದಿಸು. ಇಲ್ಲಂದ್ರ ಗಂಟು ಕಟ್ಟು."

ಟಗರಿನ ಮೈಯಲ್ಲಿ ಗಂಡು ಹಾರ್ಮೋನಿಗೇನೂ ಕೊರತೆಯಿಲ್ಲ ಎಂದು ದನದ ಡಾಕ್ಟರು ಹೇಳಿದ್ದರು. ಆದರೆ ಹುಟ್ಟಿದ ದಿನವೇ ತಾಯಿ ಸತ್ತು, ಅದು ಒಂಟಿ ಗೌಡರ ಮಡಿಲಲ್ಲಿ ಬಾಟಲಿ ಹಾಲು ಕುಡಿದು, ಅವರ ಮಂಚದ ಕೆಳಗೇ ಬೆಳೆದಿತ್ತು. ಕುರಿ ಕಂಡರೆ ಹಿಂದೆ ಸರಿಯುತ್ತಿತ್ತು. ಗೌಡರನ್ನು ಕಂಡರೆ ತುಟಿ ಎತ್ತಿ, ಕತ್ತು ಚಾಚಿ, ಮುಂಗಾಲು ಝಾಡಿಸುತ್ತ ಸುತ್ತು ಹಾಕುತ್ತಿತ್ತು.

"ಹೊಂದಿಸ್ತೀನ್ರಿ. ನಿಮ್ಮ ಹೆಗಲ ಮ್ಯಾಲಿನ ಶಲ್ಯ ಕೊಡ್ರಿ," ಎಂದ ಮಾಳಿಂಗ.

"ಅದ್ಯಾಕಲೇ?"

"ನಿಮ್ಮ ಟಗರು ಕುರಿ ಜಾತಿಯಾಗ ಹೆಣ್ಣು ನೋಡಂಗಿಲ್ರಿ. ಗೌಡರ ಜಾತಿಯಾಗ ನೋಡ್ತೈತಿ."

ಆಳುಗಳು ಬಾಯಿಗೆ ಬಟ್ಟೆ ಒತ್ತಿಕೊಂಡರು. ಗೌಡರು ಮುಖ ಕೆಂಪಗೆ ಮಾಡಿಕೊಂಡು ಶಲ್ಯ ಬಿಸಾಕಿದರು. ಮಾಳಿಂಗ ಅದನ್ನು ಹರೆಯದ ಕುರಿಯೊಂದರ ಬೆನ್ನಿಗೆ ಕಟ್ಟಿದ. ಟಗರು ಬಂದು ಶಲ್ಯ ಮೂಸಿತು, ತುಟಿ ಎತ್ತಿತು, ಸುತ್ತು ಹಾಕಿತು. ಮರುದಿನ ಶಲ್ಯ ಬಿಚ್ಚಿದರೂ ಅದು ಕುರಿಯ ಬೆನ್ನು ಬಿಡಲಿಲ್ಲ. ಸಂಜೆ ಹಿಂಡಿನ ಜೊತೆಗೇ ದೊಡ್ಡಿಗೆ ನಡೆಯಿತು.

ಮಾಳಿಂಗ ಗೆದ್ದ ಠೀವಿಯಲ್ಲಿ ಶಲ್ಯ ಹಿಡಿದು ಬಂದ. ಗೌಡರು ಕೈಯಲ್ಲಿ ಟಗರಿಗೆ ದಿನಾ ತಿನ್ನಿಸುವ ಬೆಲ್ಲದ ತುಂಡು ಹಿಡಿದು ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದರು.

"ಹೋಗುವಾಗ ಹಿಂದ ನೋಡಿತೇನಲೇ?"

ಮಾಳಿಂಗ ತಲೆ ತಗ್ಗಿಸಿ ಶಲ್ಯ ಚಾಚಿದ. ಗೌಡರು ಅದನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದರು.

"ದೊಡ್ಡಿಯೊಳಗ ಹಾಸು. ನನ್ನ ವಾಸನಿ ಮರೀಬಾರ್ದು ಅದು."