ಕಾಲಿಗೆ ನೀರು

ಮಲಪ್ರಭೆಯ ದಂಡೆಯಲ್ಲಿ ಒಂದು ಆಶ್ರಮ, ಅದರೊಳಗೊಂದು ಪುಟ್ಟ ಚರ್ಚು. ಅಲ್ಲಿನ ಗುರು ಅಮೃತಯ್ಯನವರದು ಒಂದೇ ನೇಮ. ಆರಾಧನೆಗೆ ಯಾರೇ ಬರಲಿ, ಬಾಗಿಲಲ್ಲಿ ಕಾಲಿಗೆ ನೀರು ಕೊಡಬೇಕು. ಬೀಗರು ಬಂದರೆ ಕೊಡುವುದಿಲ್ಲವೇ, ಹಾಗೆ.

ಆ ಕೆಲಸ ಶಿಷ್ಯ ಗುಣಶೀಲನ ಪಾಲಿಗೆ ಬಂದಿತ್ತು. ಮೊದಮೊದಲು ಅವನು ಕೇಳಿದ್ದ:

"ಅಯ್ಯನವರ, ಒಳಗ ಬರಾಕ ಯೋಗ್ಯರು ಯಾರು ಅಂತ ಹೆಂಗ ತಿಳೀಬೇಕ್ರಿ?"

"ಕಾಲು ನೋಡು. ಧೂಳ ಇದ್ದರ ನೀರು ಕೊಡು."

ಇದೇನು ಮಹಾ ವಿದ್ಯೆ ಎಂದು ಗುಣಶೀಲ ಒಳಗೊಳಗೇ ನಕ್ಕಿದ್ದ. ಯಾವ ಕೇರಿಯವರು ಬಂದರೂ ಚೊಂಬು ಬಗ್ಗಿಸಿದ. ತನ್ನ ಮನಸ್ಸು ಹಸನಾಯಿತೆಂದು ತುಸು ಹೆಮ್ಮೆಯೂ ಪಟ್ಟ. ಇರಲಿ ಬಿಡಿ, ಊರವರ ಕಾಲಿಗೆ ನೀರು ಹಾಕುವುದು ಸುಲಭ.

ಅವತ್ತು ಅವನ ಅವ್ವನ ನೆನಪಿನ ಪ್ರಾರ್ಥನೆ. ಬಾಗಿಲಿಗೆ ಬಂದವನು ಅಣ್ಣ ಸತ್ಯಮಿತ್ರ, ಜೊತೆಗೆ ಬಾಳೇಶ. ಗಂಡಸರಿಬ್ಬರೂ ಕೂಡಿ ಸಂಸಾರ ಹೂಡಿದ್ದಾರೆಂದು ಅಪ್ಪ ಸತ್ಯಮಿತ್ರನನ್ನು ಮನೆ ಬಿಡಿಸಿದ್ದ. ಅವ್ವನ ಮಣ್ಣಿಗೂ ಕರೆದಿರಲಿಲ್ಲ.

ಗುಣಶೀಲ ಒಮ್ಮೆ ಒಳಗಿನ ಮಂದಿಯತ್ತ ನೋಡಿದ. ಆದರೂ ರೂಢಿಯಂತೆ ಇಬ್ಬರ ಕಾಲಿಗೂ ನೀರು ಹಾಕಿದ. ಅಣ್ಣ ಒಳಗೆ ಹೆಜ್ಜೆ ಇಡುವಷ್ಟರಲ್ಲಿ ತಾನೇ ಹೊಸ್ತಿಲಿಗೆ ಅಡ್ಡ ನಿಂತ.

"ಅಣ್ಣಾ, ಇಲ್ಲೇ ಕಟ್ಟಿ ಮ್ಯಾಲೆ ಕೂಡ್ರಿ. ಒಳಗ ಹಿರಿಯರದಾರ. ನಾಲ್ಕು ಮಂದಿ ನಾಲ್ಕು ಥರ ಮಾತಾಡ್ತಾರ."

"ಇಲ್ಲಿಗೆ ಅವ್ವನ ಹೆಸರು ಕೇಳಸ್ತೈತೇನು?" ಎಂದ ಸತ್ಯಮಿತ್ರ.

ಗುಣಶೀಲ ಹೊಸ್ತಿಲಿನಿಂದ ಸರಿಯಲಿಲ್ಲ. ಸತ್ಯಮಿತ್ರ ತಿರುಗಿ ಚಪ್ಪಲಿ ಹುಡುಕತೊಡಗಿದ. ಇನ್ನೊಮ್ಮೆ ಅವನು ಈ ಕಡೆ ಬರುವವನಲ್ಲ. ತಮ್ಮನಿಗೆ ಅದು ಗೊತ್ತಿತ್ತು.

ಆಗ ಅಮೃತಯ್ಯನವರು ಹೊರಗೆ ಬಂದರು. ಮೂವರ ಕಾಲನ್ನೂ ನೋಡಿದರು.

"ಇವರಿಗೆ ನೀರು ಕೊಟ್ಟಿಯೇನು?"

"ಕೊಟ್ಟೀನ್ರಿ."

"ಕಾಲಿಗೆ ನೀರು ಕೊಟ್ಟು ಹೊರಗ ಕೂಡಸೋ ಪದ್ಧತಿ ಯಾವ ಊರಾಗ ಐತಿ?"

"ಮಂದಿ ಎದ್ದು ಹೋದಾರು ಅಂತ ಅಂಜಿಕಿರಿ."

"ಅಂಜಿಕಿ ಮಂದೀದೋ, ನಿಂದೋ?"

ಒಳಗೆ ಮೊದಲ ಹಾಡು ಶುರುವಾಯಿತು.

"ನಂದರೀ," ಎಂದ ಗುಣಶೀಲ. ಕಣ್ಣು ತುಂಬಿ ಬಂದಿತ್ತು. ಹೊಸ್ತಿಲು ಬಿಟ್ಟು ಅಂಗಳಕ್ಕಿಳಿದು ನಿಂತ.

ಬಂದವರಿಗೆಲ್ಲ ನೀರು ಹಾಕಿದವನ ಕಾಲಿಗೆ ನೀರು ಹಾಕಿದವರು ಯಾರೂ ಇರಲಿಲ್ಲ. ಬೆಳಗಿನ ಧೂಳು ಹಾಗೇ ಇತ್ತು.

ಅಮೃತಯ್ಯನವರು ಅವನ ಕೈಯಿಂದ ಚೊಂಬು ತೆಗೆದುಕೊಂಡು ಸತ್ಯಮಿತ್ರನಿಗೆ ಕೊಟ್ಟರು.

"ನಿನ್ನ ತಮ್ಮ ಇನ್ನೂ ಒಳಗ ಬಂದಿಲ್ಲಪ್ಪ. ಕಾಲಿಗೆ ನೀರು ಕೊಟ್ಟು ಕರಕೊಂಡು ಬಾ."